ಚಿಕ್ಕತಾತನ ವಿಡಿಯೊದಲ್ಲಿ ನಾನು ರೋಗಿಯಾದದ್ದು

ಹರ್ಷಿತಾ, ತನುಷ್, ನಿಮ್ಮ ಚಿಕ್ಕತಾತನಿಗೆ ಕಣ್ಣು ಕಾಣುವುದಿಲ್ಲ ಎಂದರೆ ನಂಬುತ್ತೀರಾ? ಕನ್ನಡಕವಿಲ್ಲದೆ ಪೇಪರ್ ಓದುವ ಮನುಷ್ಯ! ಆದರೂ ಹೇಳುತ್ತೇನೆ, ಕಾಣುವುದಿಲ್ಲ. ಎದುರಿಗೆ ನಿಂತವರು ಅವನಿಗೆ ಕಾಣಬೇಕಾದರೆ ಮೊದಲು ಅವನ ಫೋನಿನೊಳಗೆ ಹೋಗಬೇಕು. ಅಲ್ಲಿ ಒಂದು ಸಲ ನಡೆಯಬೇಕು. ಆಮೇಲೆ ಅದೇ ನಡಿಗೆಯನ್ನು ಆಮೆಯ ಹಾಗೆ ಇನ್ನೊಂದು ಸಲ ನಡೆಯಬೇಕು. ಆಗ ಮಾತ್ರ ಅವನು ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಓಹೋ, ಈಗ ಕಾಣಿಸ್ತು ನೋಡಿ" ಎನ್ನುತ್ತಾನೆ.

ಅವನು, ಇವನು ಎಂದು ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡಿ. ನಿಮಗೆ ಚಿಕ್ಕತಾತ, ನನಗೆ ಮೈದುನ. ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ಈ ಮನೆಗೆ ಬಂದಾಗ ಮೂಗು ಸುರಿಸಿಕೊಂಡು ಬಾಗಿಲ ಹಿಂದೆ ನಿಂತಿದ್ದ. ಈಗ ಅವನು ಆವತಿ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಮೇಷ್ಟ್ರು. ಬಿದ್ದವರನ್ನು ಎಬ್ಬಿಸುವುದು, ನಡೆಯಲಾಗದವರನ್ನು ನಡೆಸುವುದು, ಇದನ್ನು ಮಕ್ಕಳಿಗೆ ಕಲಿಸುತ್ತಾನೆ. ಪುಸ್ತಕ ನೋಡಿ ಕಲಿಯುವ ವಿದ್ಯೆಯಲ್ಲ, ಕೈಯಲ್ಲಿ ಬರಬೇಕು. ಕೈಗೆ ಬಂತೋ ಇಲ್ಲವೋ ಎಂದು ನೋಡುವುದಕ್ಕೆ ಅವನಿಗೆ ವಿಡಿಯೊ ಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಹಾಳೆಗಳನ್ನು ಬರೆಯುತ್ತಲೇ ಇರಲಿಲ್ಲ. ಆ ವಿಡಿಯೊ ಹುಚ್ಚು ಕಾಲೇಜಿನ ಗೇಟು ದಾಟಿ ಬಸ್ಸು ಹತ್ತಿ ನಮ್ಮ ಅಡುಗೆಮನೆಗೂ ಬಂದುಬಿಟ್ಟಿತು!

ಒಂದು ದಿನ ನಿಮ್ಮ ಚಿಕ್ಕಜ್ಜಿ ಮುದ್ದೆ ತಿರುವುತ್ತಿದ್ದಳು. ಇವನು ಪಾತ್ರೆಯ ಪಕ್ಕಕ್ಕೇ ಫೋನು ತಂದು ಹಿಡಿದ.

"ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಸು. ಇಲ್ನೋಡು, ಭಾರ ಎಲ್ಲಾ ಬೆನ್ನಿಗೆ ಹೋಗ್ತಿದೆ."

"ರೀ, ಗಂಟಾಗುತ್ತೆ, ಸುಮ್ನಿರಿ."

"ಗಂಟಾಗ್ಲಿ ಬಿಡು, ಬೆನ್ನು ಮುಖ್ಯ."

"ಬೆನ್ನು ತಿಂತೀರಾ ಹಂಗಾದ್ರೆ?"

ಊಟಕ್ಕೆ ಕೂತಾಗ ವಿಡಿಯೊ ನಿಧಾನ ಮಾಡಿ ಎಲ್ಲರಿಗೂ ತೋರಿಸಿ, "ಹತ್ತಕ್ಕೆ ಆರು" ಎಂದು ತೀರ್ಪು ಕೊಟ್ಟ. ಚಿಕ್ಕಜ್ಜಿ ಸೌಟು ಕೈಗೆತ್ತಿಕೊಂಡಳು. ಅವನ ತಟ್ಟೆಗೆ ಹಾಕಿದ್ದ ಮುದ್ದೆಯನ್ನು ಸೌಟಿನ ಅಂಚಿನಿಂದ ಕತ್ತರಿಸಿ, ಅರ್ಧಕ್ಕಿಂತ ಒಂಚೂರು ಜಾಸ್ತಿ ಬಿಟ್ಟು ಮಿಕ್ಕಿದ್ದನ್ನು ವಾಪಸ್ ಪಾತ್ರೆಗೆ ಹಾಕಿಕೊಂಡಳು. "ಹತ್ತಕ್ಕೆ ಆರು" ಎಂದಳು. ಅವತ್ತಿನಿಂದ ಅಡುಗೆಮನೆಯಲ್ಲಿ ಪರೀಕ್ಷೆ ನಿಂತಿತು.

ಬೀದಿಯಲ್ಲಿ ನಿಲ್ಲಲಿಲ್ಲ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗಳ ಶಿಫ್ಟು ಬಿಡುವ ಹೊತ್ತಿಗೆ ಹೋಗಿ ಜನ ಬಸ್ ಹತ್ತುವುದನ್ನು ಹಿಡಿಯುತ್ತಿದ್ದ. ಯಾವ ಕಾಲು ಮೊದಲು ಇಡುತ್ತಾರೆ, ಕಂಬಿ ಹಿಡಿದ ಕೈಗೆ ಎಷ್ಟು ಭಾರ ಬೀಳುತ್ತದೆ, ಇದೆಲ್ಲ ಪಾಠಕ್ಕೆ ಬೇಕಂತೆ. ಫೋನು ಹಿಡಿದ ಕನ್ನಡಕದ ಮನುಷ್ಯನನ್ನು ಕಂಡ ಕಂಡಕ್ಟರ್ ಗಾಬರಿಯಾಗಿ ಒಳಗಿದ್ದವರಿಗೆಲ್ಲ ಎದ್ದುಬಿದ್ದು ಟಿಕೆಟ್ ಹರಿದು ಕೊಟ್ಟು, ಬೆವರು ಒರೆಸಿಕೊಳ್ಳುತ್ತಾ ಇಳಿದು ಬಂದ.

"ಚೆಕಿಂಗಾ ಸಾರ್?"

"ಹೂಂ. ಮಂಡಿ ಚೆಕಿಂಗು."

(ಕನ್ನಡಕವಿಲ್ಲದೆ ಪೇಪರ್ ಓದುತ್ತಾನೆ ಎಂದಿದ್ದೆನಲ್ಲ? ಹೊರಗೆ ಹೋಗುವಾಗ ಹಾಕಿಕೊಳ್ಳುತ್ತಾನೆ. ಮೇಷ್ಟ್ರಾಗಿ ಕಾಣಬೇಕಂತೆ!)

ಇಡೀ ಮನೆಯಲ್ಲಿ ಅವನ ಫೋನಿಗೆ ಸಿಗದೆ ಉಳಿದವಳು ನಾನೊಬ್ಬಳೇ. ಅವನು ಬಂದ ಶಬ್ದ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ನನಗೆ ಕ್ಯಾಮೆರಾ ಎಂದರೆ ಚಿಕ್ಕಂದಿನಿಂದ ಎದೆ ನಡುಕ. ನನ್ನ ಮದುವೆಯ ಫೋಟೊ ನೋಡಿದ್ದೀರಲ್ಲ, ಅದರಲ್ಲಿ ನನ್ನ ನೆತ್ತಿ ಮಾತ್ರ ಇದೆ. "ತಲೆ ಎತ್ತಮ್ಮ, ನಾನ್ ತೆಗೀತಿರೋದು ನೆಲದ ಫೋಟೊ ಅಲ್ಲ" ಎಂದು ಫೋಟೊದವನು ಬೇಡಿಕೊಂಡಿದ್ದ. ಆಮೇಲಿನ ಫೋಟೊಗಳಲ್ಲಿ ನಾನು ಯಾರದಾದರೂ ಬೆನ್ನ ಹಿಂದೆ ಒಂದು ಸೆರಗು, ಇಲ್ಲವೇ ಒಂದು ಮೊಣಕೈ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ಅಲ್ಲೂ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ.

ಅಂಥವಳನ್ನು ಇವನು ಪರೀಕ್ಷೆಯ ವಿಡಿಯೊಗೆ ಎಳೆದ. ಅದು ಹೇಗಾಯಿತೆಂದರೆ, ನಾಜ್ನೀನ್ ಎಂಬ ಹುಡುಗಿಯಿಂದ.

ನಾಜ್ನೀನ್ ನಮ್ಮೂರಿನವಳೇ. ಅವಳ ಅಬ್ಬಾನದು ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಅಂಗಡಿ. ಇವನ ಹತ್ತಿರ ಓದುತ್ತಿದ್ದಳು. ಬರೆಯುವ ಪರೀಕ್ಷೆಯಲ್ಲಿ ಮುಂದು, ಪ್ರಾಕ್ಟಿಕಲ್ಲಿನಲ್ಲಿ ಮಾತ್ರ ಎರಡು ಸಲ ಫೇಲು. ಯಾಕೆಂದರೆ ಹಳೆಯ ಪದ್ಧತಿಯಲ್ಲಿ ಪರೀಕ್ಷಕರು ಪಕ್ಕದಲ್ಲೇ ನಿಂತು, ಕೈಕಟ್ಟಿಕೊಂಡು ನೋಡುತ್ತಾರೆ. ಅವರು ನೋಡಿದ ತಕ್ಷಣ ಈ ಹುಡುಗಿಯ ಕೈ ಮರಗಟ್ಟುತ್ತಿತ್ತು. ಬಾಯಂತೂ ಮೊದಲೇ ಮುಚ್ಚಿರುತ್ತಿತ್ತು. ಈ ಸಲವೂ ಹೋದರೆ ಓದು ಬಿಟ್ಟು ಅಂಗಡಿಯಲ್ಲಿ ಕೂರುತ್ತೇನೆಂದು ಅವಳೇ ನಿರ್ಧರಿಸಿಬಿಟ್ಟಿದ್ದಳು. ಅವಳ ಅಬ್ಬಾ ಬಂದು ನಮ್ಮ ಹಜಾರದಲ್ಲಿ ಕೂತು, "ಅಂಗಡೀಲಿ ಕೂರ್ಸೋಕೆ ನನಗೇನು ಕಷ್ಟ ಇಲ್ಲ ಸಾರ್. ಆದ್ರೆ ಬಂದ ಗಿರಾಕಿ ಕಾಲಿಗೆ ಚಪ್ಪಲಿ ಹಾಕೋವಾಗ್ಲೂ 'ನೋವಿದೆಯಾ' ಅಂತ ಕೇಳ್ತಾಳೆ. ಅವಳ ಮನಸ್ಸು ಅಲ್ಲೇ ಇದೆ" ಎಂದು ಹೇಳಿ ಹೋದರು.

ಇವನು ಕಾಲೇಜಿನವರ ಜೊತೆ ಗುದ್ದಾಡಿ ಆ ವರ್ಷ ಹೊಸ ಪದ್ಧತಿ ತಂದಿದ್ದ, ಪ್ರಯೋಗಕ್ಕೆಂದು ಒಂದೇ ವರ್ಷ. ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಎಲ್ಲರೂ ಹೊರಗೆ ಹೋಗಬೇಕು. ವಿದ್ಯಾರ್ಥಿ ತನ್ನ ಪಾಡಿಗೆ ರೋಗಿಯನ್ನು ಎಬ್ಬಿಸಿ ನಡೆಸಬೇಕು. ಆಮೇಲೆ ವಿಡಿಯೊದಲ್ಲಿ ತನ್ನ ಕೈಯ ಕೆಲಸವನ್ನು ತಾನೇ ನೋಡಿಕೊಳ್ಳಬೇಕು. ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಎದುರು ಆ ವಿಡಿಯೊ ಹಾಕಿ, ಎಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಹೇಳಬೇಕು. ರೋಗಿಯೂ ಅಲ್ಲೇ ಕೂತಿದ್ದು ಹೇಗನ್ನಿಸಿತೆಂದು ಹೇಳಬೇಕು. ಮೇಷ್ಟ್ರು ಮಾತ್ರ ಬಾಯಿ ಬಿಡುವಂತಿಲ್ಲ.

"ಅತ್ತಿಗೆ, ಬೇರೆ ಮಕ್ಕಳಿಗೆಲ್ಲ ಅವರ ಫ್ರೆಂಡ್ಸೇ ಪೇಷಂಟು. ನೋಡಿದ್ರೆ ನಗು ಬರುತ್ತೆ, ಇಪ್ಪತ್ತರ ಹುಡುಗ ಲಕ್ವ ಹೊಡೆದವನ ತರ ನಟಿಸ್ತಾನೆ, ಮಧ್ಯದಲ್ಲಿ ಕ್ರಿಕೆಟ್ ಸ್ಕೋರ್ ಕೇಳ್ತಾನೆ. ನಾಜ್ನೀನ್‌ಗೆ ನೀವೇ ಪೇಷಂಟು."

"ನಾನಾ? ವಿಡಿಯೊದಲ್ಲಾ? ಬೇಡ ಕಣಪ್ಪ, ನನ್ನ ಕೈಲಾಗಲ್ಲ."

"ಅವಳಿಗೂ ಅದೇ ಭಯ ಅತ್ತಿಗೆ."

ಒಪ್ಪಿಕೊಂಡೆ. ಒಪ್ಪಿಕೊಂಡ ಗಳಿಗೆಯಿಂದ ನನಗೆ ಅನ್ನ ರುಚಿಸಲಿಲ್ಲ. ನಾನು ಕೆಮ್ಮಿದರೆ? ಸೀರೆ ಕಾಲಿಗೆ ಸಿಕ್ಕಿದರೆ? ನನ್ನ ನಾಚಿಕೆಯಿಂದ ಒಂದು ಹುಡುಗಿಯ ಓದು ನಿಂತುಹೋದರೆ?

ನಮ್ಮ ಮನೆಯಲ್ಲೇ ಅಭ್ಯಾಸ ಶುರುವಾಯಿತು. ನನ್ನ ಎಡಗಾಲಿಗೆ ಶಕ್ತಿಯಿಲ್ಲ ಎಂದು ನಾಟಕ. ನಾಜ್ನೀನ್ ನನ್ನ ಎಡಗಡೆ ನಿಂತು ಹಿಡಿದುಕೊಳ್ಳಬೇಕು, ಯಾವ ಕಡೆ ಬಲವಿಲ್ಲವೋ ಆ ಕಡೆ ನಿಲ್ಲುವುದು ಅವರ ಮೊದಲ ಪಾಠ. ನನಗೋ ಯಾವ ಕಾಲೆಂದು ಮರೆತುಹೋಗುತ್ತಿತ್ತು. ಒಂದು ಸಲ ಎರಡೂ ಕಾಲನ್ನು ಎಳೆದೆ. ಚಿಕ್ಕಜ್ಜಿ ನಕ್ಕು, "ಅಕ್ಕಾ, ನಿಮಗೆ ಆಂಬುಲೆನ್ಸೇ ಬೇಕು" ಎಂದಳು. ಕೊನೆಗೆ ಎಡಗಾಲಿನ ಹೆಬ್ಬೆರಳಿಗೆ ಪೆನ್ನಿನಲ್ಲಿ ಗುರುತು ಹಾಕಿಕೊಂಡೆ.

ಮೈಕು ಸಿಕ್ಕಿಸಿದ ದಿನವಂತೂ ಕೇಳಬೇಡಿ. ನಾಜ್ನೀನ್ ಪಿಸುಗುಟ್ಟಿದಳು, "ಅಜ್ಜಿ, ಕೈ ಹಿಡೀಲಾ?" ನಾನು ಪಿಸುಗುಟ್ಟಿದೆ, "ಹಿಡಿಯಮ್ಮ." ಇವನು ಕಿವಿಗೆ ವೈರು ಚುಚ್ಚಿಕೊಂಡು ಕೇಳಿದ, ತಿರುಗಿಸಿ ಕೇಳಿದ, ಫೋನನ್ನು ತೊಡೆಗೆ ಬಡಿದು ಕೇಳಿದ.

"ಇದೇನ್ರಪ್ಪಾ ಇದು, ಮೂಕಿ ಸಿನಿಮಾನಾ? ಹಿಂದ್ಗಡೆ ಫ್ಯಾನ್ ಮಾತಾಡಿರೋದು ಕೇಳುತ್ತೆ, ನಿಮ್ಮಿಬ್ರದೂ ಕೇಳಲ್ವಲ್ಲ!"

ನಮ್ಮ ಹಜಾರದಲ್ಲಿ ಏಳುವುದು, ಕೂರುವುದು ಆಯಿತು. ನಡೆಯುವುದಕ್ಕೆ ಜಾಗವೆಲ್ಲಿ? ಹೊರಟರೆ ಫ್ರಿಜ್ಜು ಅಡ್ಡ ಬರುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್ ಒಂದು ನಿಂತಿದೆಯಲ್ಲ, ಟವೆಲ್ ಒಣಗಿಹಾಕುವುದು, ಅದನ್ನು ನೋಡಿ ನಾಜ್ನೀನ್, "ಇದು ಯಾರದ್ದು?" ಎಂದಳು. ನಿಮ್ಮ ತಾತನದ್ದು ಎಂದೆ. ನೀವಿನ್ನೂ ಚಿಕ್ಕವರು, ನಿಮಗೆ ನೆನಪಿರಲಾರದು. ತಾತನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತಾಗ ಚಿಕ್ಕತಾತ ಆಸೆಯಿಂದ ಅದನ್ನು ತಂದ. ತಾತ ಮುಟ್ಟಲಿಲ್ಲ. "ಕಬ್ಬಿಣದ್ ಜೊತೆ ನಾನೇನ್ ಮಾತಾಡ್ಲೋ? ಇವಳಿದ್ದಾಳೆ ಬಿಡು" ಎಂದರು. ನೆಟ್ಟಗಿದ್ದ ಎಡಗೈಯನ್ನು ನನ್ನ ಭುಜದ ಮೇಲಿಟ್ಟುಕೊಂಡೇ ಮಾರ್ಕೆಟ್ಟಿಗೂ ಕ್ಷೌರದ ಅಂಗಡಿಗೂ ಹೋಗಿಬರುತ್ತಿದ್ದರು. ದಾರಿಯುದ್ದಕ್ಕೂ ಮಾತು. ಬೀದಿಯವರು "ಇಂಜಿನ್ ಬಂತು, ಬೋಗಿ ಬಂತು" ಎಂದು ರೇಗಿಸಿದರೆ ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆ. ಅವರು ಮಾತ್ರ, "ಟಿಕೆಟ್ ತಗೊಂಡಿದ್ದೀನಪ್ಪ" ಎನ್ನುತ್ತಿದ್ದರು. ವಾಕರ್ ಟವೆಲ್ಲಿಗೆ ಉಳಿಯಿತು.

ವಿಡಿಯೊದ ದಿನ ಬಂತು. ಒಂದೇ ಸಲ ಹಿಡಿಯುವುದು, ತಪ್ಪಾದರೆ ಇನ್ನೊಂದಿಲ್ಲ. ಬಸ್ಸಿನಲ್ಲಿ ನಾನೂ ನಾಜ್ನೀನೂ ಒಂದೇ ಸೀಟಿನಲ್ಲಿ ಕೂತಿದ್ದೆವು. "ನಾನು ಘಾಟಿ ದೇವರಿಗೆ ಹರಕೆ ಹೊತ್ತಿದ್ದೀನಿ ಕಣಮ್ಮ" ಎಂದೆ. "ಅಮ್ಮಿ ದರ್ಗಾದಲ್ಲಿ ಹರಕೆ ಹೊತ್ತಿದ್ದಾರೆ ಅಜ್ಜಿ" ಎಂದಳು. ಮುಂದಿನ ಸೀಟಿನಿಂದ ಇವನು ತಿರುಗಿ, "ಇಬ್ರೂ ದೇವರು ಸೇರ್ಕೊಂಡು ಬ್ರೇಕ್ ಹಾಕೋದು ನೆನಪಿಸಿದ್ರೆ ಸಾಕು. ಚಕ್ರದ ಕುರ್ಚಿಗೆ ಬ್ರೇಕ್ ಹಾಕದೆ ಪೇಷಂಟ್‌ನ ಕೂರಿಸಿದ್ರೆ ಮಾರ್ಕ್ಸ್ ಹೋಯ್ತು" ಎಂದ. ಅಷ್ಟು ಹೇಳಿ ತಾನೇ ಉಗುರು ಕಚ್ಚತೊಡಗಿದ. ಫೋನು ಇಲ್ಲದ ಕೈಗೆ ಬೇರೆ ಕೆಲಸವಿರಲಿಲ್ಲ ನೋಡಿ.

ಕೋಣೆಯಲ್ಲಿ ನಾವಿಬ್ಬರೇ. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ಚುಕ್ಕಿ. ನಾಜ್ನೀನ್ ಕೈ ತೊಳೆದುಕೊಂಡಳು, ನನ್ನ ಹೆಸರು ಕೇಳಿದಳು, ಕುರ್ಚಿಗೆ ಬ್ರೇಕ್ ಹಾಕಿದಳು, ನನ್ನ ಸೊಂಟಕ್ಕೆ ಹಿಡಿದು ನಡೆಸುವ ಬೆಲ್ಟ್ ಕಟ್ಟಿದಳು. ಅವಳ ಕೈ ಮರಗಟ್ಟಿರಲಿಲ್ಲ! ನಾನು ಹೆಬ್ಬೆರಳಿನ ಗುರುತು ನೋಡಿಕೊಂಡು ಎಡಗಾಲು ಎಳೆಯುತ್ತಾ ಎದ್ದೆ. ಉದ್ದನೆಯ ಕೋಣೆ. ಫ್ರಿಜ್ಜಿಲ್ಲ. ನಡೆದೆ, ತಿರುಗಿ ಬಂದೆ, ಕೂತೆ. ಮುಗಿಯಿತು. ಬಾಗಿಲು ತೆರೆದಾಗ ನಾವಿಬ್ಬರೂ ಬಾವಿಯಿಂದ ಮೇಲೆ ಬಂದವರ ಹಾಗೆ ಉಸಿರು ಬಿಟ್ಟೆವು.

ಸಂಜೆ ಇವನು ಮನೆಗೆ ಬಂದು ಚಪ್ಪಲಿ ಬಿಡದೆ ಹಜಾರದಲ್ಲಿ ಕೂತ.

"ಬಲಗಡೆ ನಿಂತ್ಬಿಟ್ಟಿದ್ದಾಳೆ ಅತ್ತಿಗೆ."

"ಯಾರು?"

"ನಾಜ್ನೀನ್. ಎಬ್ಸೋವಾಗ ಸರಿಯಾಗಿ ಎಡಗಡೆ ಇದ್ದಾಳೆ. ಸ್ವಲ್ಪ ದೂರ ನಡೆದ ಮೇಲೆ ನಿಮ್ಮ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತ್ಬಿಟ್ಟಿದ್ದಾಳೆ. ಎಡಗಾಲು ಸೋತ ಪೇಷಂಟು! ಮೊದಲನೇ ಪಾಠ ಅತ್ತಿಗೆ ಅದು!"

"ನಿಧಾನ ಮಾಡಿ ನೋಡ್ಲಿಲ್ವಾ?"

"ಮಾಡ್ದೆ. ಅವಳ ಕೈ ನೋಡ್ದೆ, ಕಾಲು ನೋಡ್ದೆ, ಬೆನ್ನು ನೋಡ್ದೆ. ಎಲ್ಲಾ ಚಿನ್ನ. ನಿಂತ ಕಡೆ ಒಂದೇ ತಪ್ಪು. ಯಾಕೆ ಅಂತ ನಾನು ಕೇಳೋ ಹಂಗೂ ಇಲ್ಲ, ಹೇಳ್ಕೊಡೋ ಹಂಗೂ ಇಲ್ಲ."

ಅವಳು ಯಾವಾಗ ಕಡೆ ಬದಲಿಸಿದಳೆಂದು ನನಗೆ ಗೊತ್ತೇ ಆಗಿರಲಿಲ್ಲ. ನನ್ನಿಂದಲೇ ಏನೋ ಆಗಿರಬೇಕು, ಮತ್ತೆ ಕಾಲು ಮರೆತು ಬಲಗಾಲು ಎಳೆದೆನೇನೋ! ಪರೀಕ್ಷಕರು ಬರುವವರೆಗೂ ಮನೆಯಲ್ಲಿ ನಾನು ಮಾಡಿದ ಸಾರಿಗೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಮಾರ್ಕ್ಸ್ ಹಾಕುವವನು ಮಾರ್ಕ್ಸ್ ಹಾಕುವುದನ್ನೇ ಮರೆತು ಉಂಡ. ಅದೇ ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ಪರೀಕ್ಷಕರು ಹೊರಗಿನ ಕಾಲೇಜಿನ ಒಬ್ಬ ಮೇಡಂ. ನಗು ಮನೆಯಲ್ಲಿಟ್ಟು ಬಂದ ಮುಖ. ಒಂದು ಕಡೆ ನಾಜ್ನೀನ್, ಇನ್ನೊಂದು ಕಡೆ ನಾನು, ಬಾಗಿಲ ಹತ್ತಿರ ಬಾಯಿಗೆ ಬೀಗ ಹಾಕಿಕೊಂಡ ಚಿಕ್ಕತಾತ. ನಾಜ್ನೀನಳ ಕೊರಳಿಗೆ ಮೈಕು ಸಿಕ್ಕಿಸಿ, ಗೋಡೆಯ ಮೇಲೆ ವಿಡಿಯೊ ಹಾಕಿದರು. ನಾನು ರೂಢಿಯಂತೆ ನೆಲ ನೋಡುತ್ತಾ ಕೂತೆ.

"ನಿಲ್ಸಿ" ಎಂದರು ಮೇಡಂ. "ಏನಮ್ಮಾ, ಪೇಷಂಟಿಗೆ ಯಾವ ಕಾಲು ಸೋತಿದೆ?"

"ಎಡಗಾಲು ಮೇಡಂ."

"ನೀನು ಎಲ್ಲಿ ನಿಂತಿದ್ದೀಯ?"

ನಾಜ್ನೀನ್ ಗೋಡೆಯ ಕಡೆಗೇ ನೋಡುತ್ತಿದ್ದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಹತ್ತಿರ ಚಿಕ್ಕತಾತ ಒಂದು ಸಲ ಕೆಮ್ಮಿದ. ಮೇಡಂ ಅವನ ಕಡೆ ತಿರುಗಿ, "ಕೆಮ್ಮೋದೂ ಬೇಡ ಸರ್" ಎಂದರು. ಉತ್ತರ ಗೊತ್ತಿದ್ದೂ ಕೈ ಎತ್ತದ ಹುಡುಗಿಯ ಎದೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು ಮಕ್ಕಳೇ. ಹೇಳಮ್ಮಾ, ಹೇಳು ಎಂದು ಸೆರಗಿನ ತುದಿ ಹಿಂಡುತ್ತಾ ಕೂತಿದ್ದೆ.

"ಸ್ವಲ್ಪ ಸ್ಲೋ ಮಾಡ್ತೀರಾ ಮೇಡಂ?" ನಾಜ್ನೀನಳ ದನಿ ಅಷ್ಟು ಸಣ್ಣಗಿತ್ತು. "ನನ್ನ ನೋಡ್ಬೇಡಿ. ಅಜ್ಜಿನ ನೋಡಿ."

ನಿಧಾನ ಮಾಡಿದರು.

"ಅಜ್ಜಿ ಬಲಭುಜ ನೋಡಿ ಮೇಡಂ. ಹೆಜ್ಜೆ ಇಡೋಕೆ ಮುಂಚೆನೇ ಕೆಳಗೆ ಹೋಗುತ್ತೆ. ಪ್ರತಿ ಸಲ. ಕಾಲು ಎಡ ಅಂತ ನಾವು ಹೇಳ್ಕೊಟ್ಟಿದ್ವಿ, ಅದು ಆಕ್ಟಿಂಗು. ಭುಜ ಆಕ್ಟಿಂಗ್ ಅಲ್ಲ. ಬಿದ್ರೆ ಅಜ್ಜಿ ಬಲಕ್ಕೆ ಬೀಳ್ತಾರೆ ಅಂತ ಡರ್ ಆಯ್ತು. ಯಾರೋ ಅಲ್ಲಿ ಕೈ ಇಟ್ಟಿರೋ ತರ ವಾಲ್ಕೊಂಡು ನಡೀತಾರೆ ಮೇಡಂ. ನೋಡಿದ್ರೆ ಅಲ್ಲಿ ಯಾರೂ ಇರ್ಲಿಲ್ಲ. ಅದಕ್ಕೆ ನಾನು ಹೋದೆ."

ನಾನು ತಲೆ ಎತ್ತಿದೆ. ಜೀವನದಲ್ಲಿ ಮೊದಲ ಸಲ ನನ್ನನ್ನು ನಾನು ಪೂರ್ತಿ ನೋಡಿದೆ. ಬೂದುಬಣ್ಣದ ಸೀರೆಯ ಮುದುಕಿಯೊಬ್ಬಳು ಬರುತ್ತಿದ್ದಾಳೆ. ಬಲಭುಜ ತಗ್ಗಿಸುತ್ತಾಳೆ, ಒಂದು ಗಳಿಗೆ ಕಾಯುತ್ತಾಳೆ, ಆಮೇಲೆ ಹೆಜ್ಜೆ ಇಡುತ್ತಾಳೆ. ತಲೆಯೂ ಆ ಕಡೆಗೇ ಒಂಚೂರು ವಾಲಿದೆ, ಏನೋ ಕೇಳಿಸಿಕೊಳ್ಳುವವಳ ಹಾಗೆ.

ಮೇಡಂ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅಮ್ಮಾ, ಆ ಭುಜ ನೋವಿದೆಯಾ?"

"ಇಲ್ಲ ತಾಯಿ."

"ಮತ್ತೆ?"

"ಅದು ನಮ್ಮೆಜಮಾನ್ರು ಕೈ ಇಡ್ತಿದ್ದ ಜಾಗ" ಎಂದೆ. ಹೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು. "ಅವರು ಹೋದ್ಮೇಲೂ ಹಿಂಗೇ ನಡೀತೀನಿ ಅಂತ ನನಗೆ ಗೊತ್ತಿರ್ಲಿಲ್ಲ. ಈ ಹುಡುಗಿ ಬಂದು ನಿಂತಾಗ ಬೀಳೋ ಯೋಚ್ನೇನೇ ಬರ್ಲಿಲ್ಲ ತಾಯಿ. ಅವಳು ಬಂದಿದ್ದೂ ಗೊತ್ತಾಗ್ಲಿಲ್ಲ."



ಮೇಡಂ ಮಾರ್ಕ್ಸ್ ಕತ್ತರಿಸದೆ ಬಿಡಲಿಲ್ಲ ಅನ್ನಿ. "ಕಡೆ ಬದಲಾಯಿಸೋವಾಗ ಪೇಷಂಟಿಗೆ ಹೇಳ್ಬೇಕು. ಹೇಳ್ಲಿಲ್ಲ, ಅದಕ್ಕೆ ಕಟ್" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ನೋಡೋದು ಬರುತ್ತೆ ನಿನಗೆ. ಪಾಸ್" ಎಂದರು. ನಾಜ್ನೀನ್ "ಅಜ್ಜೀ, ಪಾಸ್!" ಎಂದು ಕಿರುಚಿದ ರಭಸಕ್ಕೆ ಕೊರಳಿನ ಮೈಕು ಕುಯ್ಯೆಂದು ಅರಚಿ, ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ಬೆಂಕಿ ಬಿತ್ತೇನೋ ಎಂದು ಬಾಗಿಲಿಗೆ ಓಡಿಬಂದರು. ಮೂಕಿ ಸಿನಿಮಾ ಮುಗಿದಿತ್ತು!

ಬಸ್ಸಿಗೆಂದು ನಾನೂ ಚಿಕ್ಕತಾತನೂ ಗೇಟಿನ ತನಕ ನಡೆದು ಬಂದೆವು. ಅವನು ಫೋನು ತೆಗೆಯುತ್ತಾನೆಂದು ಕಾದೆ, ಈ ಭುಜವನ್ನು ಬಿಟ್ಟಾನೇ? ತೆಗೆದ. ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿದ್ದು, ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಡೆಯತೊಡಗಿದ. ಅತ್ತಿಗೆಯ ಭುಜ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಮುಟ್ಟಲಿಲ್ಲ. ಅಣ್ಣ ನಡೆಯುತ್ತಿದ್ದಷ್ಟೇ ನಿಧಾನವಾಗಿ, ಅಣ್ಣ ಇರುತ್ತಿದ್ದಷ್ಟೇ ದೂರದಲ್ಲಿ ನಡೆದ. ಜೀವನವೆಲ್ಲ ಎಲ್ಲರನ್ನೂ ನಿಧಾನ ಮಾಡಿ ನೋಡಿದವನು ಅವತ್ತು ತಾನೇ ನಿಧಾನವಾಗಿದ್ದ.

"ಭುಜ ನೆಟ್ಟಗೆ ಮಾಡೋಕೆ ಎಕ್ಸರ್‌ಸೈಜ್ ಇದೆ ಅತ್ತಿಗೆ" ಎಂದ, ರಸ್ತೆ ನೋಡುತ್ತಾ.

"ಬೇಡ ಕಣಪ್ಪ."

"ಹೂಂ" ಎಂದ. "ಬೇಡ ಬಿಡಿ."

ನನಗೆ ತಿಳಿದಂತೆ ಅವನು ತಿದ್ದದೆ ಬಿಟ್ಟ ಒಂದೇ ಒಂದು ನಡಿಗೆ ಅದು.

ಆ ವಿಡಿಯೊವನ್ನು ಕಾಲೇಜಿನವರು ಫಲಿತಾಂಶದ ನಂತರ ಅಳಿಸಿಹಾಕಿದರು, ರೋಗಿಯ ಮುಖ ಯಾರ ಕೈಗೂ ಸಿಗಬಾರದೆಂಬ ನಿಯಮವಂತೆ. ನನಗೆ ಬೇಸರವಿಲ್ಲ, ಇನ್ನೊಂದು ಸಲ ನೋಡುವ ಧೈರ್ಯವೂ ಇಲ್ಲ. ಆದರೆ ಹರ್ಷಿತಾ, ತನುಷ್, ನಿಮ್ಮ ತಾತ ಯಾವ ವಿಡಿಯೊದಲ್ಲೂ ನಡೆದವರಲ್ಲ. ಅವರು ನಡೆದದ್ದು ಕಂಡದ್ದು ಅದೊಂದರಲ್ಲೇ, ಅದೂ ಅವರಿಲ್ಲದೆ. ಮುಂದೊಂದು ದಿನ ತಾತ ಹೇಗೆ ನಡೆಯುತ್ತಿದ್ದರೆಂದು ನಿಮಗೆ ತಿಳಿಯಬೇಕೆನಿಸಿದರೆ ಫೋನಿನಲ್ಲಿ ಹುಡುಕಬೇಡಿ. ಅದಕ್ಕೇ ಇದನ್ನು ಬರೆದೆ. ಈ ಹಾಳೆಗಳನ್ನು ಮಳೆನೀರಿಗೂ ಗೆದ್ದಲಿಗೂ ಕೊಡದೆ, ನನ್ನ ನೆತ್ತಿ ಮಾತ್ರ ಕಾಣುವ ಆ ಮದುವೆ ಫೋಟೊದ ಹಿಂದೆ ಇಟ್ಟುಕೊಳ್ಳಿ. ಫೋಟೊದಲ್ಲೂ ಅವರು ನನ್ನ ಬಲಗಡೆಯೇ ನಿಂತಿದ್ದಾರೆ.